ಲೇಡೀಸ್ ಡಬ್ಬದ ಲೆಕ್ಕ

ಆ ದಿನಗಳಲ್ಲಿ ಡೊಂಬಿವಲಿಯ ನಮ್ಮ ಮನೆಯಲ್ಲಿ ಬೆಳಗೆಂದರೆ ಉದ್ದಿನ ದೋಸೆಯ ಕಂಪು, ಪಕ್ಕದ ಮನೆಯ ಮರಾಠಿ ಅಭಂಗ, ಮತ್ತು ಎಂಟರ ಲೋಕಲ್ ರೈಲಿಗೆ ಓಡುವ ಅಮ್ಮ. ಅವಳ ಆಫೀಸು ಕೆಲವು ಸ್ಟೇಷನ್ ಆಚೆ, ಠಾಣೆ ಎಂಬ ಊರಿನಲ್ಲಿ. ನಾನು ಏಳನೆಯ ಕ್ಲಾಸು. ಹಲ್ಲಿಗೂ ಹೆದರುವ ಜೀವ.

ಆ ಮಳೆಗಾಲ ಹೊಸದಾಗಿ ಬಂದ ಗಣಿತದ ಮಿಸ್ ಕಣ್ಣಿಗೆ ಕಾಣುವುದನ್ನೆಲ್ಲ ಸಮೀಕರಣ ಮಾಡಿಸುತ್ತಿದ್ದರು. ಅದಕ್ಕೆ ಮಾಡೆಲಿಂಗ್ ಅನ್ನುತ್ತಾರಂತೆ. ಒಂದು ದಿನ ನಮ್ಮ ಸ್ಟೇಷನ್ನಿಗೆ ಬರುವ ಲೋಕಲ್ ರೈಲಿನ ಲೇಡೀಸ್ ಡಬ್ಬವನ್ನೇ ಬೋರ್ಡಿನ ಮೇಲೆ ತಂದರು. ಪ್ಲಾಟ್‌ಫಾರ್ಮಿಗೆ ಬರುವವರೆಷ್ಟು, ಡಬ್ಬದಲ್ಲಿ ಜಾಗವೆಷ್ಟು, ಹತ್ತಲಾಗದೆ ಉಳಿದವರನ್ನು ಎಕ್ಸ್ ಅನ್ನೋಣ ಎಂದರು. ಒಂದೊಂದು ಗಾಡಿ ಹೋದ ಹಾಗೆಲ್ಲ ಎಕ್ಸ್ ಬೆಳೆಯುತ್ತಲೇ ಹೋಯಿತು. ಉಳಿದವರು ಎಲ್ಲಿ ಹೋಗುತ್ತಾರೆ ಎಂದು ಮಿಸ್ ಕೇಳಿದಾಗ ನನ್ನ ಬೆಂಚಿನ ಶ್ವೇತಾ, ಯಾರೂ ಉಳಿಯುವುದಿಲ್ಲ, ಬಾಗಿಲಲ್ಲಿ ನೇತಾಡುತ್ತಾರೆ ಎಂದಳು. ಕ್ಲಾಸೆಲ್ಲ ನಕ್ಕಿತು. ಆ ಎಕ್ಸ್‌ನೊಳಗೆ ಸೆರಗು ಸಿಕ್ಕಿಸಿಕೊಂಡು ನಮ್ಮಮ್ಮ ನಿಂತಿದ್ದಳು.

ಮರುದಿನ ಬೆಳಿಗ್ಗೆ ಅವಳ ಬ್ಯಾಗು ಹಿಡಿದು ಅತ್ತೆ.

"ಅಮ್ಮಾ, ಮತ್ ಜಾ ನಾ, ಹೋಗ್ಬೇಡ. ನೀನು ಬೀಳ್ತಿ."

"ಎಂತ ಮಾರಾಯ್ತಿ, ನಾನು ಬಾಗಿಲಲ್ಲಿ ನಿಲ್ಲುದಿಲ್ಲ," ಎಂದಳು. ಆದರೆ ನನ್ನ ಮುಖ ನೋಡಲಿಲ್ಲ. ಅಂದಿನಿಂದ ಸಂಜೆ ಬೀಗ ತಿರುಗುವ ಸದ್ದು ಕೇಳುವವರೆಗೆ ಜೀವ ಕೈಯಲ್ಲಿ ಹಿಡಿದು ಕೂರುತ್ತಿದ್ದೆ. ಊಟ ಸೇರುತ್ತಿರಲಿಲ್ಲ.

ಕೆಲವು ದಿನಗಳಲ್ಲಿ ಅಮ್ಮ ನಾನು ಏಳುವ ಮೊದಲೇ ಹೊರಡತೊಡಗಿದಳು. ನನ್ನ ಹೆದರಿಕೆ ಇನ್ನೂ ಹೆಚ್ಚಿತು. ಶಾಲೆಗೆ ರಜೆಯಿದ್ದ ಒಂದು ದಿನ ಬೇಗ ಎದ್ದು, ಅವಳ ಹಿಂದೆಯೇ ಕದ್ದು ಸ್ಟೇಷನ್ನಿಗೆ ಹೋದೆ. ಅಮ್ಮ ಠಾಣೆಯ ಕಡೆಯ ಗಾಡಿಗೆ ಕಾಯಲಿಲ್ಲ. ಎದುರು ದಿಕ್ಕಿಗೆ, ಕಲ್ಯಾಣಕ್ಕೆ ಹೋಗುವ ಖಾಲಿ ಗಾಡಿ ಹತ್ತಿಬಿಟ್ಟಳು. ಆಫೀಸಿಗೆ ಬೆನ್ನು ಹಾಕಿ ಅಮ್ಮ ಎಲ್ಲಿಗೆ ಹೋದಳು? ನಮ್ಮನ್ನು ಬಿಟ್ಟೇ ಹೋದಳೇ? ಕಂಬ ಹಿಡಿದು ನಿಂತೆ. ಬಹಳ ಹೊತ್ತಿನ ಮೇಲೆ ಆ ಗಾಡಿ ಕಲ್ಯಾಣದಿಂದ ತಿರುಗಿ ಬಂತು. ಬಾಗಿಲಿಗೆ ಹೆಂಗಸರು ಮುಗಿಬಿದ್ದರು. ಅಮ್ಮ ಒಳಗೆ, ಕಿಟಕಿ ಪಕ್ಕದ ಸೀಟಿನಲ್ಲಿ, ಬಾಯಿ ತೆರೆದು ನಿದ್ದೆ ಮಾಡುತ್ತಿದ್ದಳು.

ಸಂಜೆ ಕೇಳಿದೆ.

"ಹಿಂದೆ ಕಲ್ಯಾಣಕ್ಕೆ ಹೋಗಿ ಅದೇ ಗಾಡಿಯಲ್ಲಿ ಬಂದ್ರೆ ಸೀಟು ಸಿಗ್ತದೆ ಮಗಾ. ನೀನು ಊಟ ಬಿಟ್ಟದ್ದು ನೋಡ್ಲಿಕ್ಕೆ ಆಗ್ಲಿಲ್ಲ ನಂಗೆ," ಎಂದಳು.

ಮಿಸ್‌ನ ಲೆಕ್ಕದಲ್ಲಿ ಇಂಥ ಹೆಂಗಸರು ಇರಲೇ ಇಲ್ಲ. ಆ ರಾತ್ರಿ ಹೊಟ್ಟೆ ತುಂಬ ಉಂಡೆ.

ಈಗ ನೆರೂಳದ ಕಾಲೇಜಿನಲ್ಲಿ ನಾನೂ ಮಾಡೆಲಿಂಗ್ ಕಲಿಸುತ್ತೇನೆ. ಅಮ್ಮ ರಿಟೈರ್ ಆಗಿ ಕ್ಷೇಮವಾಗಿದ್ದಾಳೆ. ಕಲ್ಯಾಣಕ್ಕೆ ಹೋಗಿಬರುವ ಆ ಹೊತ್ತನ್ನು ಅವಳು ಎಲ್ಲಿಂದ ತೆಗೆದಳು ಎಂಬುದು ಮಾತ್ರ ಆಗ ನನಗೆ ಹೊಳೆಯಲಿಲ್ಲ. ದಿನಾ ಬೆಳಿಗ್ಗೆ ನನ್ನನ್ನು ಮುಂದೆ ಕೂರಿಸಿಕೊಂಡು, ಎಣ್ಣೆ ಹಚ್ಚಿ, ಊರಿನ ಸುದ್ದಿ ಹೇಳುತ್ತ ಜಡೆ ಹೆಣೆಯುತ್ತಿದ್ದ ಹೊತ್ತದು. ಆ ಮಳೆಗಾಲದ ಮೇಲೆ ಶಾಲೆಗೆ ಹೋಗುವಾಗ ನನ್ನ ಜಡೆ ನಾನೇ ಹಾಕಿಕೊಂಡೆ.