ಕಾರಂಜಿ ಬಂದ ಊರು

ಓದುತ್ತ ಓದುತ್ತ ಬಹೀಗಾ ಕೈಲಿದ್ದ ಪೆನ್ಸಿಲನ್ನು ಕೆಳಗಿಟ್ಟಳು. ಕೈರೋದ ಅಬ್ದೀನ್ ಬಡಾವಣೆಯ ಒಂದು ಪ್ರಕಾಶನದಲ್ಲಿ ಹತ್ತೊಂಬತ್ತು ವರ್ಷದಿಂದ ಕರಡು ತಿದ್ದುವವಳು ಅವಳು. ಈಗ ತಿದ್ದುತ್ತಿದ್ದ, ಲೇಖಕ ವಗ್ದಿ ಸಾಹೇಬರ ಕಾದಂಬರಿ ನಡೆಯುವ ಜಹ್ಮಾ ಎಂಬ ಊರು ಯಾವ ನಕ್ಷೆಯಲ್ಲೂ ಇಲ್ಲ. ಇದ್ದದ್ದು ಅವಳ ಹಸಿರು ನೋಟ್‌ಬುಕ್ಕಿನಲ್ಲಿ. ಕೋಟೆಗೆ ಎಷ್ಟು ಬಾಗಿಲು, ಯಾರ ಕಣ್ಣು ಯಾವ ಬಣ್ಣ, ಸತ್ತವರು ಯಾರು, ಎಲ್ಲ ಅಲ್ಲಿತ್ತು. ಬರೆದ ಮಹಾಶಯರಿಗೆ ಇದಾವುದೂ ನೆನಪಿರುತ್ತಿರಲಿಲ್ಲ. ಸತ್ತವರನ್ನು ಎಬ್ಬಿಸಿ ಊಟಕ್ಕೆ ಕೂರಿಸುವುದು, ಇವಳು ಮತ್ತೆ ಸಾಯಿಸುವುದು, ಇದೇ ನಡೆದಿತ್ತು. ನೋಟ್‌ಬುಕ್ಕಿನ ಮೊದಲ ಸಾಲು: "ನೀರು: ಕುಡಿಯುವಷ್ಟು ಮಾತ್ರ, ಒಂಟೆಗಳ ಮೇಲೆ ಬರುತ್ತದೆ."

ಇಪ್ಪತ್ತನೇ ಅಧ್ಯಾಯ ನಿಂತದ್ದೇ ಆ ಸಾಲಿನ ಮೇಲೆ. ಸತ್ತ ತಂದೆಗೆ ಕೊನೆಯ ಸ್ನಾನ ಮಾಡಿಸಲು ನೀರಿಲ್ಲದೆ, ಅಂಥ ಹೊತ್ತಿಗೆ ಧರ್ಮ ಒಪ್ಪುವ ಹಾಗೆ, ಮಗ ನೆಲಕ್ಕೆ ಅಂಗೈ ತಟ್ಟಿ, ಆ ಮಣ್ಣುಗೈಯನ್ನು ತಂದೆಯ ಮುಖಕ್ಕೆ, ಕೈಗಳಿಗೆ ಸವರಿ ಕಳಿಸಿಕೊಡುತ್ತಾನೆ. ಅದು ಬಹೀಗಾಳ ಅಪ್ಪನ ಸಾವು. ಲಾರಿ ಕೆಟ್ಟು ಮರುಭೂಮಿಯಲ್ಲಿ ಸತ್ತವನಿಗೆ ಜೊತೆಗಾರರು ಹಾಗೆಯೇ ಮಾಡಿದ್ದರು. ಒಮ್ಮೆ ಚಹಾ ಕುಡಿಯುತ್ತ ಅವಳೇ ಹೇಳಿದ್ದಳು, ವಗ್ದಿ ಬರೆದುಕೊಂಡಿದ್ದರು. ಅಪ್ಪನ ಗೋರಿಯ ಗುರುತೂ ಸಿಕ್ಕಿರಲಿಲ್ಲ. ಅವಳ ಪಾಲಿಗೆ ಉಳಿದದ್ದು ಈ ಎಂಟು ಪುಟ.

ಈಗ ನಾಲ್ಕನೇ ಪರಿಷ್ಕರಣೆಯಲ್ಲಿ, ಮೂರನೇ ಅಧ್ಯಾಯದಲ್ಲಿ, ಅದೇ ತಂದೆ-ಮಗನ ಮನೆಯ ಅಂಗಳದಲ್ಲಿ ಅಮೃತಶಿಲೆಯ ಕಾರಂಜಿಯೊಂದು ಚಿಮ್ಮುತ್ತಿತ್ತು.

ಹಾಳೆಗಳನ್ನು ಹಿಡಿದು ವಗ್ದಿಯವರ ಕೋಣೆಗೆ ಹೋದಳು. ವಗ್ದಿ ಕಲ್ಲಂಗಡಿ ಬೀಜ ಕಚ್ಚಿ, ಸಿಪ್ಪೆಯನ್ನು ಹಳೆಯ ಕರಡಿನ ಮೇಲೇ ಉಗುಳುತ್ತ ಕೂತಿದ್ದರು.

"ಉಸ್ತಾಜ್, ಏನಿದು ಕಾರಂಜಿ?"

"ಚೆನ್ನಾಗಿದೆ ಅಲ್ವಾ? ಮುಖಪುಟದ ಚಿತ್ರದವನು ಕೇಳ್ದ. ಬರೀ ಮರಳು ಬಿಡಿಸೋಕೆ ಬೇಜಾರಂತೆ."

"ನೀರಿದ್ದ ಮೇಲೆ ಹೆಣಕ್ಕೆ ಮಣ್ಣು ಸವರೋದು ಯಾವ ಧರ್ಮ, ಹೇಳಿ? ಅಂಗಳದಲ್ಲೇ ಕಾರಂಜಿ ಇಟ್ಕೊಂಡು ಅಪ್ಪನ ಮೈಮೇಲೆ ಒಂದು ಚೊಂಬು ನೀರು ಹಾಕದವನು ಮಗನಾ? ಓದಿದವರು ಥೂ ಅಂತ ಉಗೀತಾರೆ."

"ಹೌದಲ್ಲ!" ವಗ್ದಿ ತಲೆ ಕೆರೆದುಕೊಂಡರು. ಬಹೀಗಾಳಿಗೆ ಜೀವ ಬಂದಂತಾಯಿತು. "ಹಾಗಾದ್ರೆ ಆ ಮಣ್ಣಿಂದು ತೆಗೆದುಬಿಡಿ, ಬಹೀಗಾ ಮೇಡಂ. ಕಾರಂಜಿ ನೀರಲ್ಲೇ ತೊಳೆದ್ರೆ ಆಯ್ತು. ಎರಡು ಸಾಲು ನೀವೇ ಗೀಚಿಬಿಡಿ."

"ಅದು ನಮ್ಮಪ್ಪ, ಉಸ್ತಾಜ್."

"ಯಾವುದು?" ಎಂದರು, ಇನ್ನೊಂದು ಬೀಜ ಬಾಯಿಗೆ ಹಾಕಿಕೊಳ್ಳುತ್ತ.

ಅವಳಿಗೆ ಅಸಹ್ಯವಾಯಿತು. ಆ ಎಂಜಲು ಸಿಪ್ಪೆ ಕಂಡು, ಆ ಮನುಷ್ಯನನ್ನು ಕಂಡು, ಇಷ್ಟು ವರ್ಷ ಅವನ ಮರೆವಿಗೆ ತೇಪೆ ಹಾಕಿದ ತನ್ನನ್ನೂ ಕಂಡು. ಅಪ್ಪನ ಸಾವಿನ ಆ ಎಂಟು ಹಾಳೆಗಳನ್ನು ಕಟ್ಟಿನಿಂದ ಎಳೆದು ನೋಟ್‌ಬುಕ್ಕಿನೊಳಗಿಟ್ಟು, ಚೀಲಕ್ಕೆ ಹಾಕಿಕೊಂಡು ಮೆಟ್ಟಿಲಿಳಿದಳು.

ನಾಲ್ಕನೇ ದಿನ ವಗ್ದಿಯ ಫೋನು ಬಂತು.

"ಎಲ್ಲಿದ್ದೀರಿ ಮೇಡಂ? ನಮ್ಮ ಜಹ್ಮಾಕ್ಕೆ ಬಾಗಿಲು ಐದೋ, ಏಳೋ?"

"ನನಗೆ ಗೊತ್ತಿದ್ದ ಊರಲ್ಲಿ ನೀರಿರಲಿಲ್ಲ, ಉಸ್ತಾಜ್," ಎಂದಳು ಬಹೀಗಾ. "ನಿಮ್ಮದು ಯಾವ ಊರೋ, ನನಗೆ ಗೊತ್ತಿಲ್ಲ."