ಮಾಸಿದ ಮುಖಗಳನ್ನು ಮರಳಿ ಕೊಡುವ ಚಾಂದಸಾಬ

ಹುನಗುಂದದ ಈ ಮನೆಯಲ್ಲಿ ಬೆಳಗಿನ ನಮಾಜು ಮುಗಿದು, ಚಹಾ ಇನ್ನೂ ಒಲೆಯ ಮೇಲಿರುವಾಗಲೇ ಪ್ರಿಂಟರ್ ಎಚ್ಚರಗೊಳ್ಳುತ್ತದೆ. ಹೊರಕೋಣೆಯ ಮೂಲೆಯಲ್ಲಿ ಕಬ್ಬಿಣದ ಟೇಬಲ್ಲು, ಅದರ ಮೇಲೆ ಕರಿ ಪೆಟ್ಟಿಗೆಯಂಥ ಯಂತ್ರ, ಪಕ್ಕದಲ್ಲೊಂದು ಬೋಗುಣಿ ನೀರು. ಐವತ್ತೇಳು ವರ್ಷದ ಚಾಂದಸಾಬ ಮೊದಲು ಅಂಗೈಯಷ್ಟು ಹಾಳೆಯಲ್ಲಿ ಬಣ್ಣದ ಗೆರೆಗಳನ್ನು ಮುದ್ರಿಸಿ, ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಾರೆ. ಗೆರೆ ಎಲ್ಲಾದರೂ ತುಂಡಾಗಿದ್ದರೆ ಒಳಗೆ ಶಾಯಿ ಒಣಗಿ ಕೂತಿದೆ ಎಂದರ್ಥ. ಈ ಭಾಗದ ಬಿಸಿಲಿಗೆ ನಾಲ್ಕು ದಿನ ಸುಮ್ಮನೆ ಬಿಟ್ಟರೆ ಸಾಕು, ಪ್ರಿಂಟರಿನ ಬಾಯಿ ಕಟ್ಟಿಬಿಡುತ್ತದೆ. ಬೋಗುಣಿಯ ನೀರು ಇರುವುದೂ ಅದಕ್ಕೇ, ಕೋಣೆಯ ಗಾಳಿ ಒಂದಿಷ್ಟು ತೇವವಾಗಿರಲಿ ಎಂದು.

"ಕರೆಂಟ್ ಈ ಹೊತ್ತಿಗೆ ಗಟ್ಟಿ ಇರ್ತೈತ್ರಿ. ಎಂಟರ ಮ್ಯಾಲೆ ಹೋಗೂದು ಬರೂದು ನಡೀತೈತಿ. ಪ್ರಿಂಟ್ ನಡುವ ಹೋತಂದ್ರ ಹಾಳಿ ಹಾಳಾದಂಗ," ಎನ್ನುತ್ತ ಅವರು ಬೆನ್ನು ನೆಟ್ಟಗೆ ಮಾಡಿಕೊಳ್ಳುತ್ತಾರೆ. ನೆಟ್ಟಗಾಗುವುದಕ್ಕೆ ಬೆನ್ನು ಸ್ವಲ್ಪ ಹೊತ್ತು ತೆಗೆದುಕೊಳ್ಳುತ್ತದೆ.

ಇವತ್ತು ಯಂತ್ರದ ಬಾಯಿಂದ ಹೊರಬರಬೇಕಾದದ್ದು ಶಿರೂರಿನ ಪದ್ಮವ್ವನವರ ಗಂಡ ಅಮಸಿದ್ದಪ್ಪನ ಮುಖ. ಇದು ಮೂರನೇ ಸಲ. ಹಿಂದಿನ ಎರಡು ಸಲವೂ "ಇದು ಅವರಲ್ಲ" ಎಂದು ಪದ್ಮವ್ವ ವಾಪಸ್ಸು ಕಳಿಸಿದ್ದಾರೆ. ಅಮಸಿದ್ದಪ್ಪ ತೀರಿಕೊಂಡು ಏಳು ವರ್ಷವಾಯಿತು. ಅವರ ಮನೆಯಲ್ಲಿರುವುದು ಗೋಡೆಯ ಮೇಲಿನ ಅದೊಂದೇ ಫೋಟೋ, ಅದೂ ಮಾಸಿ ಹೋಗಿದೆ. ಆಧಾರ್ ಕಾರ್ಡಿನಲ್ಲೊಂದು ಚಿತ್ರವಿದೆಯಾದರೂ ಅದನ್ನು ನೋಡಿ ಯಾವ ಹೆಂಡತಿಯೂ ಗಂಡನನ್ನು ಗುರುತಿಸಲಾರಳು. ಮಾಸಿದ್ದನ್ನು ಮೊದಲಿನಂತೆ ಮಾಡಿಕೊಡುತ್ತೇನೆಂದು ಚಾಂದಸಾಬ ಮಾತು ಕೊಟ್ಟು ಮೂರು ವರ್ಷವಾಗಿದೆ. ಮಾಸಿದ್ದು ಅವರ ಕೈಯಿಂದಲೇ ಆದ ತಪ್ಪಿನಿಂದ.

ಒಂದು ಕಾಲಕ್ಕೆ ಬಸ್ ಸ್ಟ್ಯಾಂಡಿನ ಹತ್ತಿರ ಅವರದೊಂದು ಸ್ಟುಡಿಯೊ ಇತ್ತು. ಎಲ್ಲರ ಕೈಗೂ ಫೋನು ಬಂದ ಮೇಲೆ ಸ್ಟುಡಿಯೊಕ್ಕೆ ಬರುವವರು ಯಾರು? ಬಾಗಿಲು ಹಾಕಿ, ಒಂದು ಪ್ರಿಂಟರ್ ತಂದು ಮನೆಯಲ್ಲೇ ಇಟ್ಟುಕೊಂಡರು. ಅದನ್ನು ಆರಿಸುವಾಗ ಹೆಚ್ಚು ತಲೆ ಕೆಡಿಸಿಕೊಳ್ಳಲಿಲ್ಲ. ನಾಲ್ಕು ಬಾಟಲಿ ಶಾಯಿ, ಝೆರಾಕ್ಸೂ ಆಗುತ್ತದೆ, ನಿಮಿಷದಲ್ಲಿ ಫಳಫಳ ಹೊಳೆಯುವ ಫೋಟೋ. ಇನ್ನೇನು ಬೇಕು? ಒಂದು ಮನೆಯಲ್ಲಿ ಸಾವಾದರೆ ಮೂರನೇ ದಿನಕ್ಕೆ ಹಾರ ಹಾಕಲು ಫೋಟೋ ಬೇಕಾಗುತ್ತದೆ. ಬಾಗಲಕೋಟೆಯ ಲ್ಯಾಬಿಗೆ ಕಳಿಸಿ ಕಾಯುವ ಬದಲು ಜನ ಚಾಂದಸಾಬರ ಮನೆಗೇ ಬರತೊಡಗಿದರು. ಬೆಳಿಗ್ಗೆ ಫೋನಿನಲ್ಲಿ ಚಿತ್ರ ಕೊಟ್ಟರೆ ಸಂಜೆಗೆ ಇಳಕಲ್ಲಿನ ಫ್ರೇಮು, ಗಾಜು ಸಮೇತ ಕೈಗೆ. ಹನ್ನೊಂದು ಊರುಗಳ ಗೋಡೆಗಳ ಮೇಲೆ ಒಟ್ಟು ಮುನ್ನೂರ ನಲವತ್ತು ಮುಖಗಳು ಹೀಗೆ ಹೋಗಿ ಕೂತವು. ಕೊಡುವಾಗ ಪ್ರತಿಯೊಬ್ಬರಿಗೂ ಒಂದೇ ಭರವಸೆ: "ಗೋಡಿ ಬಿದ್ರೂ ಫೋಟೋಕ್ಕ ಏನಾಗೂದಿಲ್ರಿ."

ಮೂರು ವರ್ಷದ ಹಿಂದೆ ಒಂದು ಮಧ್ಯಾಹ್ನ ಪದ್ಮವ್ವ ಹುನಗುಂದದ ಸಂಬಂಧಿಕರ ಮನೆಗೆ ಬಂದವರು ಇಲ್ಲಿಗೂ ಬಂದರು. ಅರವತ್ತು ದಾಟಿದ ಹೆಂಗಸು, ಮೂಗಿನ ಮೇಲೆ ಹೊಸ ಕನ್ನಡಕ. ಕೂತು ನೀರು ಕುಡಿದು ಹೇಳಿದರು: "ತಮ್ಮಾ, ಅವರ ಫೋಟೋ ಇನ್ನಷ್ಟು ದೊಡ್ಡದ ಮಾಡಿಕೊಡಪಾ. ನನ್ನ ಕಣ್ಣ ಹೋಗ್ಯಾವು. ಬಾಗಲಕ್ವಾಟಿ ದವಾಖಾನಿಗೆ ಹೋಗಿ ಚಾಳೀಸ ಹಾಕಿಸ್ಕೊಂಡ ಬಂದ್ನಿ, ಆದ್ರೂ ಅವರ ಮಾರಿ ಕಾಣವಲ್ದು."

ಮರುದಿನವೇ ಚಾಂದಸಾಬ ಶಿರೂರಿಗೆ ಹೋದರು. ಗೋಡೆಯ ಮೇಲಿನ ಅಮಸಿದ್ದಪ್ಪ ಬೂದಿ ಬಣ್ಣದ ಕಂಬಳಿ ಹೊದ್ದು ನಿಂತಿದ್ದ. ಕರಿ ಕಂಬಳಿ ಅದು. ಮುಖದಲ್ಲಿನ ಕೆಂಪೆಲ್ಲ ಹೋಗಿ ತಿಳಿನೀಲಿ ಉಳಿದಿತ್ತು. ಪದ್ಮವ್ವ ದಿನಾ ಗಾಜು ಒರೆಸಿದ್ದರು, ದೀಪವನ್ನು ಹತ್ತಿರ ತಂದಿಟ್ಟಿದ್ದರು, ಗಾಜಿನ ಮೇಲಿನ ಅರಿಶಿನ ಭಂಡಾರದ ಬೊಟ್ಟನ್ನು ಮುಖಕ್ಕೆ ಅಡ್ಡವಾದೀತೆಂದು ಮೂಲೆಗೆ ಸರಿಸಿದ್ದರು. ಪಾಪ, ಕಣ್ಣಿನದೇ ತಪ್ಪು ಎಂದುಕೊಂಡ ಜೀವ ಇನ್ನೇನು ಮಾಡೀತು?

"ಆಗ ಸುಳ್ಳ ಹೇಳಾಕ ಬರ್ತಿತ್ರಿ," ಎಂದು ಚಾಂದಸಾಬ ಈಗ ನೆಲ ನೋಡುತ್ತ ಹೇಳುತ್ತಾರೆ. "ಆತ್ರಿ ಅಕ್ಕಾರ, ದೊಡ್ಡದ ಮಾಡಿಕೊಡ್ತೇನಿ ಅಂದ್ರ ಮುಗೀತಿತ್ತು. ಯಾರಿಗೂ ತಿಳೀತಿರಲಿಲ್ಲ. ಆದ್ರ ಬಾಯಿ ಬರಲಿಲ್ಲ. ಅಕ್ಕಾರ, ನಿಮ್ಮ ಕಣ್ಣ ಚಲೋ ಅದಾವ್ರಿ, ನನ್ನ ಶಾಯಿ ಸುಳ್ಳಾಗೇತಿ ಅಂದ್ನಿ."

ಪದ್ಮವ್ವ ಕನ್ನಡಕ ತೆಗೆದು ಕೈಯಲ್ಲಿ ಹಿಡಿದರಂತೆ. ಆಮೇಲೆ ಇಷ್ಟೇ ಅಂದರು: "ಕುರುಡಿ ಆದ್ನಿ ಅಂತ ತಿಳ್ಕೊಂಡ ಕುಂತಿದ್ನಲ್ಲಪಾ ತಮ್ಮಾ."

ಆ ಮಾತು ಇವರನ್ನು ಇವತ್ತಿಗೂ ಬಿಟ್ಟಿಲ್ಲ. ಅವತ್ತು ವಾಪಸ್ಸು ಬರುವಾಗ ಕಮತಗಿ, ಅಮೀನಗಡದಲ್ಲಿ ಗಾಡಿ ನಿಲ್ಲಿಸಿ ತಾವು ಕೊಟ್ಟ ಫೋಟೋಗಳಿದ್ದ ನಾಲ್ಕಾರು ಮನೆ ಹೊಕ್ಕು ನೋಡಿದರು. ಎಲ್ಲ ಕಡೆಯೂ ಅದೇ ನೀಲಿ. "ಒಬ್ಬರೂ ಬೈಲಿಲ್ರಿ. ಹಳೇದಾತು, ಮಾಸೇತಿ, ಕುಂದ್ರಿ ಚಾ ಕುಡೀರಿ ಅಂದ್ರು. ಬೈದಿದ್ರ ಚಲೋ ಇತ್ತು."

ಹೊಸ ಪ್ರಿಂಟರ್ ಆರಿಸಲು ಈ ಸಲ ಅವರು ತೆಗೆದುಕೊಂಡದ್ದು ಮೂರು ತಿಂಗಳು. ಬಾಗಲಕೋಟೆಯಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿರುವ ಪ್ರಭುಲಿಂಗನ ಬಳಿ ಫೋಟೋ ಮುದ್ರಿಸುವ ಮೂರು ನಮೂನೆಯ ಯಂತ್ರಗಳಿದ್ದವು. ಚಾಂದಸಾಬ ಪೆನ್‌ಡ್ರೈವಿನಲ್ಲಿ ಒಂದೇ ಚಿತ್ರ ಒಯ್ದು ಮೂರರಲ್ಲೂ ಒಂದೊಂದು ಪ್ರಿಂಟ್ ತೆಗೆಸಿಕೊಂಡರು. ಚಿತ್ರ ಅವರ ಮನೆಯವರದು, ಕೆಂಪು ಸೆರಗಿನ ಇಳಕಲ್ ಸೀರೆಯುಟ್ಟ ರಂಜಾನಬಿಯವರದು. ಪ್ರತಿ ಪ್ರಿಂಟಿನ ಅರ್ಧಕ್ಕೆ ಫೋಟೋ ಪೇಪರ್ ಸುತ್ತಿ ಬರುವ ಕರಿ ಹಾಳೆ ಮುಚ್ಚಿ, ಗಾಜಿನಡಿ ಹಾಕಿ, ಹೋಳಿಯಿಂದ ಕಾರಹುಣ್ಣಿಮೆಯವರೆಗೆ ಮಾಳಿಗೆಯ ಬಿಸಿಲಿಗಿಟ್ಟರು.

"ಮಂದಿ ಸಂಡಿಗಿ ಹಪ್ಪಳ ಒಣಗಸ್ತಾರ. ಇವರು ನನ್ನ ಒಣಗಸಿದ್ರು," ಎಂದು ರಂಜಾನಬಿ ಚಹಾ ತಂದಿಡುತ್ತ ಹೇಳುತ್ತಾರೆ. "ದಿನಾ ಮ್ಯಾಲೆ ಹೋಗಿ ನೋಡೂದು, ಇಳದ ಬಂದು ನನ್ನ ಮಾರಿ ನೋಡೂದು. ಮೂವತ್ತ ವರ್ಷದಾಗ ಇಷ್ಟ ಸಲ ನೋಡಿದ್ದಿಲ್ರಿ."

ಕಾರಹುಣ್ಣಿಮೆಗೆ ಕರಿ ಹಾಳೆ ತೆಗೆದಾಗ ಒಂದು ಪ್ರಿಂಟಿನಲ್ಲಿ ಸೆರಗು ಅರ್ಧ ಕೆಂಪು, ಅರ್ಧ ಗುಲಾಬಿ. ಎರಡನೆಯದರಲ್ಲಿ ಮುಖ ಬಿಳಿಚಿತ್ತು. ಮೂರನೆಯದರಲ್ಲಿ ಮಾತ್ರ ಮುಚ್ಚಿದ್ದಕ್ಕೂ ತೆರೆದಿದ್ದಕ್ಕೂ ವ್ಯತ್ಯಾಸ ಹುಡುಕಬೇಕಾಯಿತು. ಅದರ ಶಾಯಿಯ ಜಾತಿಯೇ ಬೇರೆ. "ಹಳೇ ಶಾಯಿ ಚಾದಾಗ ಸಕ್ರಿ ಕರಗಿದಂಗ್ರಿ. ಕರಗಿದ್ದು ಬಿಸಲಿಗೆ ಲಗೂನ ಹೋಗಿಬಿಡ್ತೈತಿ. ಇದು ಅಂಬಲ್ಯಾಗಿನ ಹಿಟ್ಟ ಇದ್ದಂಗ. ಪುಡಿ ಪುಡೀನ ಇರ್ತೈತಿ, ಹಾಳಿ ಮ್ಯಾಲೆ ಕುಂತ್ರ ಏಳೂದಿಲ್ಲ. ಅಂಗಡ್ಯಾಗ ಪಿಗ್ಮೆಂಟ್ ಅಂತಾರ."

ಪ್ರಭುಲಿಂಗನಿಗೆ ಈ ಗಿರಾಕಿಯನ್ನು ನೆನೆದರೆ ಇವತ್ತಿಗೂ ನಗು. "ಬಂದವರೆಲ್ಲಾ ನಿಮಿಷಕ್ಕ ಎಷ್ಟ ಹಾಳಿ ಬರ್ತಾವು ಅಂತ ಕೇಳ್ತಾರ್ರಿ. ಇವರೊಬ್ರ ಎಷ್ಟ ವರ್ಷ ಬರ್ತಾವು ಅಂತ ಕೇಳಿದ್ರು. ಅದು ನಿಧಾನ ಐತಿ, ಝೆರಾಕ್ಸ್ ಆಗೂದಿಲ್ಲ, ಶಾಯಿ ತುಟ್ಟಿ, ಮ್ಯಾಲೆ ಮಿಂಚೂ ಇಲ್ಲ, ಬ್ಯಾಡ್ರಿ ಸಾಬರ ಅಂದ್ನಿ. ಕೇಳಲಿಲ್ಲ."

ಕೇಳುವಂತಿರಲಿಲ್ಲ. ಮದುವೆ ಹಂಗಾಮಿನಲ್ಲಿ ಕೈಹಿಡಿಯುತ್ತಿದ್ದ ವಿಡಿಯೊ ಕ್ಯಾಮೆರಾ, ದೀಪಗಳನ್ನು ಮಾರಿ ಆ ಯಂತ್ರ ತಂದರು. ರಂಜಾನಬಿ ಎರಡು ದಿನ ಮಾತು ಬಿಟ್ಟರು. ಮೂರನೇ ದಿನ ಕತ್ತರಿ ಹಿಡಿದು ತಾವೇ ಕೂತರು. ಫೋಟೋ ಗಾಜಿಗೆ ತಾಗದಂತೆ ಸುತ್ತಲೂ ರಟ್ಟಿನ ಅಂಚು ಕೊಡುವ ಕೆಲಸ ಅಂದಿನಿಂದ ಅವರದು. ಹಗಲಿಗೆ ಹಳೇ ಯಂತ್ರದಲ್ಲಿ ಪಾಸ್‌ಪೋರ್ಟ್ ಸೈಜಿನ ಫೋಟೋ, ಶಾಲೆಯ ಗುರುತಿನ ಚೀಟಿ ಎಂದು ಸಂಸಾರ ಹೇಗೋ ಸಾಗುತ್ತಿದೆ. ಬೆಳಗಿನ ಹೊತ್ತು ಮಾತ್ರ ಮಾಸಿದ ಮುಖಗಳಿಗೆ ಮೀಸಲು. ವಾರಕ್ಕೆ ಎರಡು ಪ್ರಿಂಟ್, ಒಂದೊಂದಕ್ಕೆ ಒಂಬತ್ತು ನಿಮಿಷ. ತಿಂಗಳಿಗೆ ಮೂರು ಊರು, ಗಾಡಿಯ ಹಿಂದೆ ಚಾದರದಲ್ಲಿ ಸುತ್ತಿದ ಫ್ರೇಮುಗಳು. ಇದಕ್ಕೆ ಯಾರಿಂದಲೂ ಏನೂ ತೆಗೆದುಕೊಳ್ಳುವುದಿಲ್ಲ. ಈವರೆಗೆ ಇನ್ನೂರ ಇಪ್ಪತ್ತಾರು ಬದಲಾಗಿವೆ. ಅಮೀನಗಡದ ಒಬ್ಬರು ಮಾತ್ರ ಹೊಸದರಲ್ಲಿ ಹೊಳಪಿಲ್ಲ, ಹಳೇದೇ ಇರಲಿ ಎಂದು ಬಾಗಿಲಿಂದಲೇ ಕಳಿಸಿದರಂತೆ.

"ಬ್ಯಾಸರಾಗೇತ್ರಿ, ಖರೆ ಹೇಳ್ತೇನಿ," ಎನ್ನುತ್ತಾರೆ ಚಾಂದಸಾಬ. "ಮುಂಜಾನೆ ಏಳೂವಾಗ ಇವತ್ತೊಂದಿನ ಬ್ಯಾಡ ಅನಸ್ತೈತಿ. ಬಿಟ್ರ ಯಾರ ಕೇಳಾವ್ರು? ಆದ್ರ ನಾಲ್ಕ ದಿನ ಬಿಟ್ರ ಶಾಯಿ ಒಣಗ್ತೈತಿ. ಏಳ್ತೇನಿ."

ಹೆಚ್ಚಿನ ಮುಖಗಳಿಗೆ ಮೂಲ ಚಿತ್ರ ಕಂಪ್ಯೂಟರಿನಲ್ಲಿದೆ. ಹಳೆಯ ಹಾರ್ಡ್ ಡಿಸ್ಕ್ ಸುಟ್ಟಾಗ ಹೋದವು ನಲವತ್ತೊಂದು. ಅಮಸಿದ್ದಪ್ಪ ಅದರಲ್ಲೊಬ್ಬ. ಯಾರದೋ ಮದುವೆಯಲ್ಲಿ ಚಾಂದಸಾಬರೇ ಹೊಡೆದ ಚಿತ್ರ ಅದು. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಕೋಲು, ಕುರಿಗಳನ್ನು ಯಾರಿಗೋ ಒಪ್ಪಿಸಿ ಒಂದು ದಿನದ ಮಟ್ಟಿಗೆ ಊಟಕ್ಕೆ ಬಂದವನ ಅವಸರದ ನಿಲುವು.

ಫೋಟೋ ಒಯ್ದು ಸ್ಕ್ಯಾನ್ ಮಾಡುತ್ತೇನೆಂದರೆ ಪದ್ಮವ್ವ ಕೊಡಲಿಲ್ಲ. "ಒಂದಿನ ಇಲ್ಲಂದ್ರ ನಾ ದೀಪ ಎಲ್ಲಿ ಹಚ್ಚಲಿ?" ಎಂದರು. ಗೋಡೆಯ ಮೇಲಿದ್ದಂತೆಯೇ, ಗಾಜಿನ ಮೇಲಿಂದಲೇ ಅದರ ಚಿತ್ರ ಹೊಡೆದುಕೊಂಡು ಬಂದರು ಚಾಂದಸಾಬ. ನೀಲಿಯಾದ ಮುಖಕ್ಕೆ ಯಾವ ಬಣ್ಣ ಕೊಡುವುದು? ಫೋಟೋಗ್ರಾಫರರಿಗೆಲ್ಲ ಇರುವ ಚಾಳಿಯಂತೆ ಮೊದಲ ಸಲ ಬೆಳ್ಳಗೆ ಮಾಡಿದರು. ಪದ್ಮವ್ವ ನೋಡಿ, "ಯಾರೋ ಚಲೋ ಮನಷ್ಯಾರದಾರ. ಆದ್ರ ನಮ್ಮವರಲ್ಲ," ಎಂದರು. ಎರಡನೇ ಸಲ ಅಂದಾಜಿನಲ್ಲಿ ಕರ್ರಗೆ ಮಾಡಿದರೆ ಮುಖಕ್ಕೆ ಮಸಿ ಹಚ್ಚಿದಂತಾಯಿತು. ಪದ್ಮವ್ವ ಅದನ್ನು ಮಡಿಲಲ್ಲಿಟ್ಟುಕೊಂಡು ಅತ್ತರು. ಅದಾದ ಮೇಲೆ ಐದು ತಿಂಗಳು ಚಾಂದಸಾಬ ಶಿರೂರಿನ ಕಡೆ ಗಾಡಿ ತಿರುಗಿಸಲಿಲ್ಲ.

ಹೋದ ತಿಂಗಳು ಮನಸ್ಸು ಗಟ್ಟಿ ಮಾಡಿಕೊಂಡು ಹೋಗಿ ಕೇಳಿದರು: "ಅಕ್ಕಾರ, ಒಯ್ಯೂದಿಲ್ರಿ. ನಿಮ್ಮ ಮುಂದ ಇಲ್ಲೇ ಫ್ರೇಮ್ ಬಿಚ್ಚಿ ನೋಡ್ತೇನಿ, ಮತ್ತ ಹಂಗ ಹಾಕಿ ಕೊಡ್ತೇನಿ." ಪದ್ಮವ್ವ ಒಪ್ಪಿದರು. ಹಿಂದಿನ ಮೊಳೆ ಕಿತ್ತು, ರಟ್ಟು ಸರಿಸಿ, ಹಾಳೆಯನ್ನು ಅಂಗಳದ ಬೆಳಕಿಗೆ ತಂದರು. ಫ್ರೇಮಿನ ಕಟ್ಟಿಗೆ ಮುಚ್ಚಿಕೊಂಡಿದ್ದ ಕಡೆ, ನಾಲ್ಕೂ ಅಂಚಿನಲ್ಲಿ ಕಿರುಬೆರಳಗಲ, ಏಳು ವರ್ಷದ ಬೆಳಕು ಬಿದ್ದೇ ಇರಲಿಲ್ಲ. ಅಲ್ಲಿ ಕಂಬಳಿ ಕರ್ರಗೇ ಇತ್ತು. ಕೆಳಗೆ, ಕೋಲು ಹಿಡಿದ ಕೈಯ ಹೆಬ್ಬೆರಳು ಅರ್ಧ ನೀಲಿ, ಅರ್ಧ ಹುರಿದ ಶೇಂಗಾದ ಬಣ್ಣ.

"ಹೂಂ," ಎಂದರು ಪದ್ಮವ್ವ, ಬಗ್ಗಿ ನೋಡಿ. "ಹಿಂಗ ಇದ್ರು."

ಅರ್ಧ ಹೆಬ್ಬೆರಳು ಮತ್ತು ಅಂಚಿನ ಬಟ್ಟೆ, ಇಷ್ಟನ್ನೇ ಹಿಡಿದು ಚಾಂದಸಾಬ ಇಪ್ಪತ್ತೆರಡು ದಿನ ಕೂತರು. ಬೆರಳಿನ ಬಣ್ಣವನ್ನು ಕೈಗೆ, ಕೈಯದನ್ನು ಕುತ್ತಿಗೆಗೆ, ಕುತ್ತಿಗೆಯದನ್ನು ಮುಖಕ್ಕೆ ಚೂರು ಚೂರೇ ಏರಿಸುತ್ತ ಬಂದರು. ಕಣ್ಣು ಉರಿದಾಗ ಎದ್ದು ಅಂಗಳದಲ್ಲಿ ನಿಲ್ಲುತ್ತಿದ್ದರು. ಈಗ ಯಂತ್ರ ಸದ್ದು ನಿಲ್ಲಿಸಿ ಅಮಸಿದ್ದಪ್ಪನನ್ನು ಪೂರ್ತಿ ಹೊರಗೆ ಬಿಟ್ಟಿದೆ. ರಂಜಾನಬಿ ಬಂದು ನೋಡಿ, ರಟ್ಟು ಕತ್ತರಿಸತೊಡಗುತ್ತಾರೆ.

ಅಮೀನಗಡ ದಾಟಿ ಶಿರೂರು ಮುಟ್ಟುವಾಗ ಬಿಸಿಲು ಏರಿದೆ. ಪದ್ಮವ್ವ ಕಟ್ಟೆಯ ಮೇಲೆ ಕೂತು ಜೋಳ ಹಸನು ಮಾಡುತ್ತಿದ್ದಾರೆ. ಚಾಂದಸಾಬ ಚಾದರ ಬಿಚ್ಚಿ ಫ್ರೇಮನ್ನು ಅವರ ಕೈಗೆ ಕೊಟ್ಟು ಎರಡು ಹೆಜ್ಜೆ ಹಿಂದೆ ಸರಿದು ನಿಲ್ಲುತ್ತಾರೆ. ಈ ಸಲವೂ ಅಲ್ಲ ಎಂದರೆ ನಾಲ್ಕನೇ ಸಲ ಮಾಡಲು ಅವರಲ್ಲಿ ಬೇರೆ ದಾರಿ ಉಳಿದಿಲ್ಲ. ಪದ್ಮವ್ವ ಸೆರಗಿಗೆ ಕೈ ಒರೆಸಿಕೊಂಡು ನೋಡುತ್ತಾರೆ. ನೋಡುತ್ತಲೇ ಇರುತ್ತಾರೆ.

"ಈ ಅಂಗಿ ಗುಂಡಿ ನೋಡು," ಎನ್ನುತ್ತಾರೆ ಕೊನೆಗೆ, ಗಾಜಿನ ಮೇಲೆ ಬೆರಳಿಟ್ಟು. "ಕಿತ್ತ ಹೋಗಿತ್ತು. ಮದುವಿಗೆ ಹೊಂಟಾಗ ಹಚ್ಚಿಕೊಡು ಅಂದ್ರು. ಕೈ ಹಿಟ್ಟಾಗೈತಿ, ಕಂಬಳಿ ಮುಚ್ಚಿಕೊಂಡ ಹೋಗ್ರಿ, ಯಾರ ನೋಡ್ತಾರ ಅಂದ್ನಿ." ಆಮೇಲೆ ಚಾಂದಸಾಬರಿಗಲ್ಲ, ಫೋಟೋಕ್ಕೇ ಹೇಳುತ್ತಾರೆ: "ಹಚ್ಚಿ ಕೊಡಬೇಕಿತ್ರಿ ನಾ."

ಚಾಂದಸಾಬ ಕಟ್ಟೆ ಬಿಟ್ಟು ಈಚೆ ಬರುತ್ತಾರೆ. ಗಾಡಿಯ ಹತ್ತಿರ ನಿಂತು, ಚಾದರ ಮಡಚುತ್ತ, ಸುಸ್ತಾದ ದನಿಯಲ್ಲಿ ಹೇಳುತ್ತಾರೆ:

"ಬಣ್ಣದ ಮಾತ ತಗೀಲಿಲ್ರಿ ಅಕ್ಕಾರು. ಗುಂಡಿ ಮಾತ ಅಷ್ಟ ಆಡಿದ್ರು. ನನ್ನ ಪ್ರಿಂಟ್ ಅವರ ಕಣ್ಣಿಗೆ ಬೀಳಲೇ ಇಲ್ಲ. ಅಷ್ಟಾದ್ರ ಸಾಕ್ರಿ ನನಗ."