ಉತ್ತರಕ್ಕೆ ತಲೆ

ನರಸಮ್ಮನನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಹನ್ನೊಂದು ವರ್ಷ ಒಂದೇ ವಾರ್ಡಿನಲ್ಲಿ ದುಡಿದೆವು. ನಾನು ಇನ್‌ಚಾರ್ಜ್ ಸಿಸ್ಟರ್ ಆಂಡಾಳ್, ಅವಳು ಆಯಾ. ನಮ್ಮದು ಎಣ್ಣೆ ಸೀಗೆಕಾಯಿ ಸಂಬಂಧ. ಬೇರೆ ಯಾರಾದರೂ ಅವಳ ಬಗ್ಗೆ ಬರೆದರೆ ದೇವತೆ ಮಾಡಿ ಕೂರಿಸಿಬಿಡುತ್ತಾರೆ. ಅವಳು ದೇವತೆ ಗೀವತೆ ಏನೂ ಅಲ್ಲ. ಹಠಮಾರಿ, ಬಾಯಿ ಜೋರು, ದವಡೆಯಲ್ಲಿ ಸದಾ ಎಲೆಅಡಿಕೆ.

ಆಸ್ಪತ್ರೆ ಇರುವುದು ಚಾಮರಾಜಪೇಟೆಯಲ್ಲಿ, ಹಳೇ ಬಂಗಲೆ ಒಡೆದು ಕಟ್ಟಿದ್ದು. ಹೆಸರು ಬೇಡ, ನಾನಿನ್ನೂ ಅಲ್ಲೇ ಇದ್ದೇನೆ. ನರಸಮ್ಮ ಶ್ರೀರಾಂಪುರದಿಂದ ಮೆಟ್ರೋ ಹತ್ತಿ, ಮಾರ್ಕೆಟ್ ಸ್ಟೇಷನ್ನಿನಲ್ಲಿ ಇಳಿದು, ಬೆಳಿಗ್ಗೆ ಏಳಕ್ಕೆ ಐದು ನಿಮಿಷ ಮೊದಲೇ ಬಂದಿರುತ್ತಿದ್ದಳು. ಒಂದು ದಿನವೂ ತಡ ಮಾಡಲಿಲ್ಲ. ಬೈಯಲು ಅದೊಂದು ಕಾರಣವನ್ನೂ ಕೊಡುತ್ತಿರಲಿಲ್ಲ ನೋಡಿ, ಅದಕ್ಕೂ ನನಗೆ ಸಿಟ್ಟು.

ಅವಳ ಕೆಲಸ ಬೆಡ್‌ಪ್ಯಾನ್ ಇಡುವುದು, ಮೈ ಒರೆಸುವುದು, ಹಾಸಿಗೆ ಬದಲಿಸುವುದು. ಅದರ ಮೇಲೊಂದು ಕೆಲಸವನ್ನು ತಾನೇ ಹಚ್ಚಿಕೊಂಡಿದ್ದಳು. ಡಾಕ್ಟರು ಕೈಚೆಲ್ಲಿದ ಪೇಷಂಟು ಸಾಬರೋ ಕ್ರೈಸ್ತರೋ ಆಗಿದ್ದರೆ ಅವರ ಕಿವಿಯ ಹತ್ತಿರ ಬಾಗಿ, ‘ನಿಮ್ಮೋರು ಯಾರಾದ್ರೂ ಬರ್ಬೇಕಾ? ಏನಾದ್ರೂ ಓದ್ಬೇಕಾ?’ ಎಂದು ಕೇಳುತ್ತಿದ್ದಳು. ನಮ್ಮವರಿಗೆ ಕೇಳುವ ಅಗತ್ಯ ಇರಲಿಲ್ಲ. ರಿಸೆಪ್ಷನ್ನಿನಲ್ಲೇ ಗಣಪತಿ ಇದ್ದ, ತೀರ್ಥ ಪ್ರಸಾದ ಲಿಫ್ಟಿನಲ್ಲಿ ಓಡಾಡುತ್ತಿತ್ತು, ಯಾರೂ ತಡೆಯುತ್ತಿರಲಿಲ್ಲ. ಮೌಲ್ವಿಯೊಬ್ಬರು ಬಂದರೆ ಮಾತ್ರ ಸೆಕ್ಯೂರಿಟಿಯವನಿಗೆ ವಿಸಿಟಿಂಗ್ ಅವರ್ಸ್ ನೆನಪಾಗುತ್ತಿತ್ತು. ಇದನ್ನು ಆಗ ನಾನು ಗಮನಿಸಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಗಮನಿಸಿದ್ದೆ, ಸರಿಯಾಗಿಯೇ ಇದೆ ಅಂದುಕೊಂಡಿದ್ದೆ.

ಅವಳ ಈ ಉಸಾಬರಿ ಶುರುವಾದದ್ದೇ ಒಂದು ಎಡವಟ್ಟಿನಿಂದ. ಅರುಳಪ್ಪ ಎಂದು ಒಬ್ಬರಿದ್ದರು, ಪ್ರೆಸ್ಸಿನಲ್ಲಿ ಅಚ್ಚುಮೊಳೆ ಜೋಡಿಸುತ್ತಿದ್ದವರು, ಲಿವರ್ ಹೋಗಿತ್ತು. ‘ಸ್ವಾಮಿಗಳ್ನ ಕರೆಸಿ ತಾಯಿ’ ಎಂದು ನರಸಮ್ಮನ ಕೈ ಹಿಡಿದುಕೊಂಡರು. ಇವಳು ಪಕ್ಕದ ಬೀದಿಯ ಮಠಕ್ಕೆ ಹೋಗಿ, ಕಾವಿ ಉಟ್ಟ ಸ್ವಾಮಿಗಳೊಬ್ಬರನ್ನು ಕಾಡಿ ಬೇಡಿ ಕರೆತಂದಳು. ಅರುಳಪ್ಪನವರು ಕಣ್ಣು ಬಿಟ್ಟು ಕಾವಿ ನೋಡಿ, ಆ ನೋವಿನಲ್ಲೂ ಕೆಮ್ಮಿ ಕೆಮ್ಮಿ ನಕ್ಕರು. ‘ಇವರಲ್ಲಮ್ಮ, ಬಿಳೀ ನಿಲುವಂಗಿ ಸ್ವಾಮಿಗಳು. ಚರ್ಚಿನೋರು.’ ಸಂಜೆ ಪಾದ್ರಿಗಳು ಬಂದು ಹಣೆಗೂ ಅಂಗೈಗೂ ಎಣ್ಣೆ ಹಚ್ಚಿ ಪ್ರಾರ್ಥಿಸಿದರು. ಅಂದಿನಿಂದ ನರಸಮ್ಮ ಅಂಥವರನ್ನೆಲ್ಲ ಇನ್ನೊಂದು ಪ್ರಶ್ನೆಯನ್ನೂ ಕೇಳುತ್ತಿದ್ದಳು, ‘ನಿಮ್ಮ ಸ್ವಾಮಿ ಯಾವ ಬಟ್ಟೆಯೋರು?’ ನಾವು ನರ್ಸುಗಳು ಇದನ್ನು ಹೇಳಿಕೊಂಡು ಟೀ ಹೊತ್ತಿನಲ್ಲಿ ನಗುತ್ತಿದ್ದೆವು. ಅಡ್ಮಿನಿಸ್ಟ್ರೇಟರ್ ಬದರೀನಾರಾಯಣ ಅವರು, ‘ಇದೇನು ಆಸ್ಪತ್ರೆನೋ ದರ್ಗಾನೋ?’ ಅಂದಾಗ ಎಲ್ಲರಿಗಿಂತ ಜೋರಾಗಿ ನಕ್ಕವಳು ನಾನು.

ತಮಾಷೆಯೆಂದರೆ ಅವಳಿಗೆ ದೇವರೇ ಇರಲಿಲ್ಲ. ಅವಳ ಮನೆಯವರು ಬೌದ್ಧರು. ಗಂಡ ಶಿವಲಿಂಗಯ್ಯ ದೀಕ್ಷೆ ತೆಗೆದುಕೊಂಡ ದಿನ ಮನೆಯ ದೇವರ ಪಟಗಳನ್ನೆಲ್ಲ ಇಳಿಸಿದನಂತೆ. ಒಮ್ಮೆ ಕೆಣಕಿದೆ, ‘ದೇವರಿಲ್ಲ ಅನ್ನೋಳಿಗೆ ಊರ ದೇವರ ಉಸಾಬರಿ ಯಾಕೆ?’

‘ನಂಗಿಲ್ಲ ಸಿಸ್ಟರ್. ಅವರಿಗಿದೆಯಲ್ಲ.’

ಅಷ್ಟಕ್ಕೇ ಬಿಡಬಹುದಿತ್ತು, ಬಿಡಲಿಲ್ಲ. ಬಕೆಟ್ ಕೆಳಗಿಟ್ಟು ಹೇಳಿದಳು. ‘ನಮ್ಮನೆಯೋರು ಸಾಯೋವಾಗ ಒಬ್ಬ ನರ್ಸಮ್ಮ ಪಾಪ ಅಂತ ಬಾಯಿಗೆ ತುಳಸಿ ತೀರ್ಥ ಬಿಟ್ಳು, ಹಣೆಗೆ ವಿಭೂತಿ ಬಳಿದ್ಳು. ಮೂವತ್ತು ವರ್ಷ ಬೇಡ ಬೇಡ ಅಂದೋರು. ಮಾತು ನಿಂತೋಗಿತ್ತು, ಕೈ ಎತ್ತಿ ಒರೆಸಿಕೊಳ್ಳೋಕೂ ಆಗ್ಲಿಲ್ಲ. ನಾನು ನೋಡ್ಕೊಂಡು ನಿಂತಿದ್ದೆ.’

‘ಒಳ್ಳೇದಕ್ಕೇ ಮಾಡಿರ್ತಾಳೆ’ ಅಂದೆ.

‘ಹೌದು, ಒಳ್ಳೇದಕ್ಕೇ’ ಎಂದು ಬಕೆಟ್ ಎತ್ತಿಕೊಂಡು ಹೋದಳು. ಆ ಮಾತಿನ ಧಾಟಿ ನನಗೆ ಹಿಡಿಸಲಿಲ್ಲ. ಆಯಾ ಒಬ್ಬಳು, ಅದೂ ಆ ಕೇರಿಯವಳು, ನನಗೆ ಪಾಠ ಹೇಳುವುದೇ ಅನ್ನಿಸಿತು. ನನಗೆ ಜಾತಿಯ ಅಹಂಕಾರ ಇಲ್ಲವೆಂದು ಮಲ್ಲೇಶ್ವರದ ನಮ್ಮ ಮನೆಯಲ್ಲಿ ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದವಳು ನಾನು.

ಹೋದ ವರ್ಷ ಶ್ರಾವಣದಲ್ಲಿ ಖಮರುನ್ನೀಸಾ ಎಂಬ ಅಜ್ಜಿ ನಾಲ್ಕನೇ ಹಾಸಿಗೆಗೆ ಬಂದರು. ಶ್ವಾಸಕೋಶದ ಕ್ಯಾನ್ಸರ್. ಎಡಪಕ್ಕೆಗೆ ಟ್ಯೂಬ್ ಹಾಕಿದ್ದರಿಂದ ಬಲಕ್ಕೆ ಮಾತ್ರ ಹೊರಳಬಹುದಿತ್ತು. ಮಗಳು ಮುಬೀನ್ ತಾಜ್ ಉರ್ದು ಶಾಲೆಯ ಟೀಚರ್, ತಾಯಿಯ ಪಕ್ಕದಲ್ಲಿ ಕೂತು ಮೆಲ್ಲಗೆ ಕುರಾನ್ ಓದುತ್ತಿದ್ದಳು. ಅಜ್ಜಿಗೆ ಇದ್ದದ್ದು ಒಂದೇ ಆಸೆ. ಕೊನೆಯುಸಿರು ಹೋಗುವಾಗ ಮುಖ ಪಶ್ಚಿಮಕ್ಕೆ, ಮೆಕ್ಕಾದ ಕಡೆಗೆ ಇರಬೇಕು. ಅದನ್ನು ಮಗಳಿಗೆ ಹೇಳಿದ್ದರು, ನರಸಮ್ಮನಿಗೂ ಹೇಳಿದ್ದರು. ನನಗೆ ಹೇಳಲಿಲ್ಲ. ಹೇಳುವಂಥ ಮುಖ ನನ್ನದಾಗಿರಲಿಲ್ಲ.

ನಮ್ಮ ವಾರ್ಡಿನಲ್ಲಿ ಎಲ್ಲ ಮಂಚಗಳೂ ದಕ್ಷಿಣದ ಗೋಡೆಗೆ ತಲೆ ಕೊಟ್ಟು ನಿಂತಿವೆ. ವಾಸ್ತು ನೋಡಿಸಿ ಹಾಕಿದ್ದು. ದಕ್ಷಿಣಕ್ಕೆ ತಲೆಯಿಟ್ಟು ಬಲಕ್ಕೆ ಹೊರಳಿದರೆ ಮುಖ ಪೂರ್ವಕ್ಕೆ ಬರುತ್ತದೆ. ಪಶ್ಚಿಮಕ್ಕೆ ಬರಬೇಕಾದರೆ ಮಂಚವನ್ನೇ ತಿರುಗಿಸಿ ತಲೆಯನ್ನು ಉತ್ತರಕ್ಕೆ ಇಡಬೇಕು. ಉತ್ತರಕ್ಕೆ ತಲೆಯಿಟ್ಟು ಮಲಗಿಸುವುದು ಯಾರನ್ನು ಎಂದು ನಮ್ಮ ಮನೆಗಳಲ್ಲಿ ಹುಟ್ಟಿದವರಿಗೆ ಹೇಳಿಕೊಡಬೇಕಾಗಿಲ್ಲ. ಮಗು ನಿದ್ದೆಯಲ್ಲಿ ಆ ಕಡೆ ಹೊರಳಿದರೂ ಎತ್ತಿ ಈ ಕಡೆ ಹಾಕುತ್ತೇವೆ.

ಅವತ್ತು ಮಧ್ಯಾಹ್ನ ಊಟ ಮುಗಿಸಿ ಬಂದೆ. ಮಗಳು ನಮ್ಮಲ್ಲಿ ಸಿಗದ ಔಷಧಿ ತರಲು ಹೊರಗೆ ಹೋಗಿದ್ದಳು. ನಾಲ್ಕನೇ ಮಂಚ ತಿರುಗಿ ನಿಂತಿತ್ತು. ಅಜ್ಜಿಯ ತಲೆ ಉತ್ತರಕ್ಕೆ, ಬಲ ಮಗ್ಗುಲು, ಮುಖ ಪಶ್ಚಿಮದ ಕಿಟಕಿಯ ಕಡೆ. ಆಕ್ಸಿಜನ್ನಿಗೆ ಉದ್ದದ ಟ್ಯೂಬ್ ಜೋಡಿಸಿ, ಎಲ್ಲೂ ಎಳೆಯದಂತೆ ಟೇಪ್ ಹಚ್ಚಿ ಆಗಿತ್ತು. ಪಕ್ಕದಲ್ಲಿ ನರಸಮ್ಮ ನಿಂತಿದ್ದಳು. ನನ್ನ ಮೈಯೆಲ್ಲ ಉರಿಯಿತು.

‘ಯಾರೇ ಇದು ಮಾಡಿದ್ದು? ಬದುಕಿರೋರನ್ನ ಹೆಣ ಮಾಡ್ತಿದ್ದೀಯಾ?’

‘ಅಜ್ಜೀನೇ ಕೇಳಿದ್ರು ಸಿಸ್ಟರ್. ಮಗಳೂ ಹೇಳ್ಹೋಗಿದಾಳೆ. ಉಸಿರು ಎಳೀತಿದೆ, ಇನ್ನು ಸ್ವಲ್ಪ ಹೊತ್ತು ಅಷ್ಟೆ.’

‘ನೀನೇನು ಡಾಕ್ಟರಾ?’

‘ಅಲ್ಲ. ಆದ್ರೆ ಮಂಚ ಮುಟ್ಬೇಡಿ. ನಿಮ್ಮ ಕಾಲು ಹಿಡ್ಕೋತೀನಿ, ಮುಟ್ಬೇಡಿ.’

ಹನ್ನೊಂದು ವರ್ಷದಲ್ಲಿ ಅವಳು ನನ್ನನ್ನು ಬೇಡಿಕೊಂಡದ್ದು ಅದೊಂದೇ ಸಲ. ನನಗೆ ಗೆದ್ದ ಹಾಗೆ ಅನ್ನಿಸಿತು. ಸೆಕ್ಯೂರಿಟಿಯ ಪ್ರಭುದೇವನನ್ನು ಕರೆದು ಇಬ್ಬರೂ ಸೇರಿ ಮಂಚವನ್ನು ಮೊದಲಿನ ಹಾಗೇ ತಿರುಗಿಸಿದೆವು. ಅಜ್ಜಿಯ ಕಣ್ಣು ತೆರೆದೇ ಇತ್ತು. ಕಿಟಕಿ ಹೋಗಿ ಗೋಡೆ ಬಂದದ್ದು ಅವರಿಗೆ ತಿಳಿಯಿತು. ಬೆರಳು ಬೆಡ್‌ಶೀಟಿನ ಮೇಲೆ ಅತ್ತಿತ್ತ ಆಡಿತು, ಬೇಡ ಬೇಡ ಅನ್ನುವ ಹಾಗೆ. ನಾನು ಆ ಕೈಯನ್ನು ಸವರಿ, ‘ಈಗ ಸರಿಯಾಯ್ತಜ್ಜಿ, ಆರಾಮಾಗಿ ಮಲ್ಕೊಳ್ಳಿ’ ಅಂದೆ. ನಾಲ್ಕಕ್ಕೆ ಹತ್ತು ನಿಮಿಷ ಇರುವಾಗ ಉಸಿರು ನಿಂತಿತು. ಮುಖ ಪೂರ್ವಕ್ಕೇ ಇತ್ತು.

ಮುಬೀನ್ ತಾಜ್ ಔಷಧಿಯ ಕವರ್ ಹಿಡಿದು ಓಡಿ ಬಂದಾಗ ಹಾಸಿಗೆಯ ಸುತ್ತ ಪರದೆ ಎಳೆದು, ಅಜ್ಜಿಯನ್ನು ಅಂಗಾತ ಮಲಗಿಸಿ ಆಗಿತ್ತು. ಅವಳು ಅಳಲಿಲ್ಲ. ಮೊದಲು ಕೇಳಿದ್ದೇ, ‘ಅಮ್ಮಿ ಮುಖ ಯಾವ ಕಡೆ ಇತ್ತು?’

ಕೇಳಿದ್ದು ನರಸಮ್ಮನನ್ನು. ನರಸಮ್ಮ ನನ್ನ ಕಡೆ ಕೈ ತೋರಿಸಿದಳು. ‘ಸಿಸ್ಟರ್‌ನ ಕೇಳಮ್ಮ. ಕೊನೇಲಿ ಮಂಚ ಮುಟ್ಟಿದ್ದು ಅವರು.’

‘ಪಶ್ಚಿಮಕ್ಕೇ ಇತ್ತು’ ಅಂದೆ. ನಾಲಿಗೆ ತಡವರಿಸಲೂ ಇಲ್ಲ. ಆ ಹುಡುಗಿ ನನ್ನ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡಳು. ‘ದೇವರು ನಿಮ್ಮನ್ನ ಚೆನ್ನಾಗಿಟ್ಟಿರಲಿ ಸಿಸ್ಟರ್’ ಎಂದು ಆಮೇಲೆ ಅತ್ತಳು.

ಅದೇ ಸಂಜೆ ನಾನು ಮೆಮೊ ಬರೆದೆ. ಆಯಾ ನರಸಮ್ಮ ಡಾಕ್ಟರ ಅನುಮತಿ ಇಲ್ಲದೆ ಮಂಚ ತಿರುಗಿಸಿ ಆಕ್ಸಿಜನ್‌ಗೆ ಅಪಾಯ ತಂದಿದ್ದಾಳೆ ಎಂದು. ಉತ್ತರಕ್ಕೆ ತಲೆಯಿಟ್ಟ ಮಾತು ಅದರಲ್ಲಿ ಇರಲಿಲ್ಲ. ಬದರೀನಾರಾಯಣ ಅವರು ಓದಿ ಖುಷಿಪಟ್ಟರು. ಮಾರನೆಯ ದಿನದಿಂದ ಅವಳನ್ನು ನೆಲಮಾಳಿಗೆಯ ಲಾಂಡ್ರಿಗೆ ಹಾಕಿದರು. ಅವಳು ಜಗಳ ಆಡಲಿಲ್ಲ, ನನ್ನ ಜೊತೆ ಮಾತೂ ಆಡಲಿಲ್ಲ. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲ ಅನ್ನುತ್ತಾರೆ. ನಾನು ಕೊಯ್ದದ್ದು ಯಾರ ಮೂಗು ಎಂದು ತಿಳಿಯಲು ತಿಂಗಳುಗಳೇ ಬೇಕಾದವು. ವಾರ್ಡಿಗೆ ಆಮೇಲೆ ಯಾವ ಬಟ್ಟೆಯ ಸ್ವಾಮಿಯೂ ಬರಲಿಲ್ಲ. ಕೇಳುವವರೇ ಇರಲಿಲ್ಲ.

ಈ ಜೂನ್‌ನಲ್ಲಿ ಫಿಲೋಮಿನಮ್ಮ ಎಂಬ ಒಂಟಿ ಹೆಂಗಸು ಅದೇ ನಾಲ್ಕನೇ ಹಾಸಿಗೆಯಲ್ಲಿದ್ದರು. ಬೆಳಿಗ್ಗೆ ಬಿಪಿ ನೋಡುವಾಗ ನನ್ನ ಸೆರಗು ಹಿಡಿದರು. ‘ಸ್ವಾಮಿಗಳು ಬಂದು ಎಣ್ಣೆ ಹಚ್ಬೇಕು ಸಿಸ್ಟರ್. ಒಂದು ಫೋನ್ ಮಾಡ್ಸಿ.’ ಗೂಗಲ್ಲಿನಲ್ಲಿ ಸಿಕ್ಕ ಚರ್ಚಿನ ನಂಬರನ್ನು ನಾಲ್ಕು ಸಲ ಒತ್ತಿದೆ, ಯಾರೂ ಎತ್ತಲಿಲ್ಲ. ಫಿಲೋಮಿನಮ್ಮನ ಉಸಿರು ಮೇಲುಸಿರಾಗುತ್ತಿತ್ತು. ಬೇರೆ ದಾರಿ ಕಾಣದೆ ಲಾಂಡ್ರಿಗೆ ಇಳಿದೆ.

ನರಸಮ್ಮ ಬೆಡ್‌ಶೀಟ್ ಮಡಿಸುತ್ತಿದ್ದಳು. ಕೈ ನಿಲ್ಲಿಸಲಿಲ್ಲ. ವಿಷಯ ಹೇಳಿದೆ. ಪಾದ್ರಿಗಳ ಮೊಬೈಲ್ ನಂಬರಿನ ಹತ್ತು ಅಂಕಿಯನ್ನೂ ಬಾಯಿಪಾಠ ಒಪ್ಪಿಸಿದಳು, ನಾನು ಅಂಗೈ ಮೇಲೆ ಬರೆದುಕೊಂಡೆ. ಅಷ್ಟಕ್ಕೇ ಮೆಟ್ಟಿಲು ಹತ್ತಿ ಬಂದುಬಿಡಬೇಕಿತ್ತು.

‘ಅವತ್ತು ನಾನು ಕೆಟ್ಟದ್ದಕ್ಕೆ ಮಾಡ್ಲಿಲ್ಲ ನರಸಮ್ಮ’ ಅಂದೆ. ‘ಮಗಳಿಗೂ ಸಮಾಧಾನ ಆಗೋ ಹಾಗೇ ಹೇಳಿದೀನಿ.’

‘ಮಗಳಿಗೆ ಹೇಳಿದ್ರಿ, ಸರಿ. ಅಜ್ಜಿಗೆ ಏನ್ ಹೇಳ್ತೀರಿ?’

ಅವಳು ಮಡಿಸಿದ ಬೆಡ್‌ಶೀಟನ್ನು ರಾಶಿಯ ಮೇಲಿಟ್ಟು ಇನ್ನೊಂದನ್ನು ಕೊಡವಿದಳು.

‘ನಿಂತ್ಕೋಬೇಡಿ ಸಿಸ್ಟರ್, ಹೋಗಿ ಫೋನ್ ಮಾಡಿ. ಜೀವ ಹೋದ್ಮೇಲೆ ಅವರು ಎಣ್ಣೆ ಹಚ್ಚಲ್ಲ.’